ಶೋಕಕ್ಕೆ ಪಂಚಾಂಗವೇಕೆ?

ನಮ್ಮ ಸಾಹಿತ್ಯ ವಲಯದಲ್ಲಿ ಒಂದು ವಿಚಿತ್ರ ಶಾಸನ ಜಾರಿಯಲ್ಲಿದೆ. ಅದನ್ನು ಯಾರು ಹೊರಡಿಸಿದರೋ ತಿಳಿಯದು. ಆದರೆ ಪಾಲಿಸದವರನ್ನು ಕಂಡರೆ ಎಲ್ಲರೂ ಹುಬ್ಬೇರಿಸುತ್ತಾರೆ. ಶಾಸನ ಇಷ್ಟೆ: ಆಪ್ತರನ್ನು ಕಳೆದುಕೊಂಡವನು ಆ ವಿಷಯ ಬರೆಯಬಾರದು. ಬರೆಯಲೇಬೇಕೆಂದರೆ ಹತ್ತು ವರ್ಷ ತಡೆಯಬೇಕು. ಆಗಲೂ ಹೆಸರು ಬದಲಿಸಿ, ಕತೆಯ ಮುಸುಕು ಹಾಕಿ, ತನ್ನ ದುಃಖವೆಂದು ಗೊತ್ತಾಗದಂತೆ ಬರೆಯಬೇಕು. ಇಲ್ಲವಾದರೆ ಅದು ಸಾಹಿತ್ಯವಲ್ಲ, ಬರಿಯ ಗೋಳು. ಈ ಶಾಸನಕ್ಕೆ ನನ್ನ ವಿರೋಧವಿದೆ.

ನಾನು ಮಳವಳ್ಳಿಯಲ್ಲಿ ಕನ್ನಡ ಪಾಠ ಹೇಳುವವನು. ನನ್ನನ್ನು ಎತ್ತಿ ಆಡಿಸಿದ ಅಕ್ಕ ಎರಡು ವರ್ಷದ ಹಿಂದೆ ತೀರಿಕೊಂಡಳು. ಆರು ತಿಂಗಳು ಕಾಗದ ಮುಟ್ಟಲಾಗಲಿಲ್ಲ. ಆಮೇಲೆ ಅವಳನ್ನು ಕುರಿತು ನಾಲ್ಕು ಪುಟ ಬರೆದೆ. ಧೈರ್ಯದಿಂದಲ್ಲ, ಹೆದರುತ್ತಲೇ ಬರೆದೆ. ಓದಿದ ಮಿತ್ರರೊಬ್ಬರು, “ಅಕ್ಕನ ಸಾವನ್ನೂ ಲೇಖನ ಮಾಡಿಬಿಟ್ಟಿರಲ್ಲ, ಮೇಷ್ಟ್ರೆ!” ಎಂದರು. ನಗುತ್ತಲೇ ಹೇಳಿದ ಮಾತು. ಒಳಗಿನ ಆಪಾದನೆ ಮಾತ್ರ ನಗುವಂಥದಲ್ಲ. ನನ್ನ ವಿಷಯ ಹೇಗೂ ಇರಲಿ. ಇಂಥ ಮಾತಿಗೇ ಅಂಜಿ ನನ್ನ ವಿದ್ಯಾರ್ಥಿನಿಯೊಬ್ಬಳು, ತೀರಿಕೊಂಡ ತಂದೆಯನ್ನು ಕುರಿತು ಬರೆದಿದ್ದ ಹಾಳೆಗಳನ್ನು ಒಲೆಗೆ ಹಾಕಿದಳು. ಅವುಗಳಲ್ಲಿ ಏನಿತ್ತೆಂದು ಇನ್ನು ಯಾರೂ ಓದುವಂತಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲನೆಯ ಆಕ್ಷೇಪಣೆ ಪಂಡಿತರದು. ಶೋಕ ಬೇರೆ, ಕರುಣರಸ ಬೇರೆ ಎನ್ನುತ್ತಾರೆ ಅವರು. ವಾಲ್ಮೀಕಿಯ ಕಥೆಯಲ್ಲಿ ಶೋಕವೇ ಶ್ಲೋಕವಾಯಿತೆಂದು ಆನಂದವರ್ಧನ ಹೇಳಿದ್ದಾನೆ, ನಿಜ. ಆದರೆ ಅದನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಅಭಿನವಗುಪ್ತ ಎಚ್ಚರಿಸಿದ್ದಾನಲ್ಲ! ಇಂಗ್ಲಿಷ್ ಓದಿದವರು ಇದಕ್ಕೆ ಎಲಿಯಟ್ಟನ 1919ರ ಪ್ರಬಂಧವನ್ನೂ ಜೋಡಿಸುತ್ತಾರೆ: ನೋಯುವ ಮನುಷ್ಯ ಬೇರೆ, ಸೃಷ್ಟಿಸುವ ಮನಸ್ಸು ಬೇರೆ. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ನೊಂದವನು ಲೇಖನಿ ಹಿಡಿಯಬಾರದೆಂಬ ಅರ್ಥ ಇವುಗಳಿಂದ ಹೇಗೆ ಹೊರಟಿತು? ಒಬ್ಬನ ದುಃಖ ಎಲ್ಲರದೂ ಆಗಬೇಕೆಂಬುದೇ ಇವುಗಳ ತಾತ್ಪರ್ಯ. ಆ ಸಾಧಾರಣೀಕರಣ ನಡೆಯುವುದಾದರೂ ಎಲ್ಲಿ? ಗೋಡೆಯ ಕ್ಯಾಲೆಂಡರಿನಲ್ಲೆ? ಬರೆಯುವ ಕೆಲಸದಲ್ಲಿ. ಸರಿಯಾದ ಮಾತಿಗಾಗಿ ಹುಡುಕುವಾಗ, ಹೆಚ್ಚಾದುದನ್ನು ಹೊಡೆದು ಹಾಕುವಾಗ, ದುಃಖ ನಮ್ಮಿಂದ ಒಂದು ಮೊಳ ದೂರ ಸರಿದು ನಿಲ್ಲುತ್ತದೆ. ಬರೆಯಲೇ ಕೂಡದೆಂದರೆ ಆ ದೂರ ದೊರೆಯುವುದೆಂತು?

ಎರಡನೆಯ ಆಕ್ಷೇಪಣೆ ಕಾಲದ್ದು: “ತಡೆಯಿರಿ, ದುಃಖ ಮಾಗಲಿ.” ಎಷ್ಟು ತಡೆಯಬೇಕು, ಸ್ವಾಮಿ? ಎಡ್ವರ್ಡ್ ಕಿಂಗ್ ಸಮುದ್ರದಲ್ಲಿ ಮುಳುಗಿದ್ದು 1637ರ ಆಗಸ್ಟಿನಲ್ಲಿ. ಮಿಲ್ಟನ್ ಅವನಿಗಾಗಿ ‘ಲಿಸಿಡಾಸ್’ ಬರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಗೆಳೆಯ ಹ್ಯಾಲಮ್ 1833ರಲ್ಲಿ ತೀರಿಕೊಂಡ. ಟೆನಿಸನ್ನನ ‘ಇನ್ ಮೆಮೋರಿಯಮ್’ ಅಚ್ಚಾದದ್ದು 1850ರಲ್ಲಿ. ಒಬ್ಬನಿಗೆ ಮೂರು ತಿಂಗಳು, ಇನ್ನೊಬ್ಬನಿಗೆ ಹದಿನೇಳು ವರ್ಷ. ಹಿಂದಿಯ ನಿರಾಲಾ ಮಗಳು ಸರೋಜಳನ್ನು ಕಳೆದುಕೊಂಡದ್ದೂ 1935ರಲ್ಲಿ, ‘ಸರೋಜ ಸ್ಮೃತಿ’ ಬರೆದದ್ದೂ 1935ರಲ್ಲಿ. ರವೀಂದ್ರರು 1902ರಲ್ಲಿ ಹೆಂಡತಿಯನ್ನೂ, 1903ರಲ್ಲಿ ಮಗಳನ್ನೂ, 1905ರಲ್ಲಿ ತಂದೆಯನ್ನೂ, 1907ರಲ್ಲಿ ಕಿರಿಯ ಮಗನನ್ನೂ ಕಳೆದುಕೊಂಡರು. ಬಂಗಾಳಿ ‘ಗೀತಾಂಜಲಿ’ ಬಂದದ್ದು 1910ರಲ್ಲಿ. ಒಂದು ಸಾವಿನಿಂದ ಚೇತರಿಸಿಕೊಂಡು ಬರೆಯೋಣವೆಂದು ಅವರು ಕಾದಿದ್ದರೆ, ಅಷ್ಟರಲ್ಲಿ ಮತ್ತೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಈ ವಿಷಯ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತು. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಸೊಪ್ಪೂ ಹಾಕುವುದಿಲ್ಲ. ಆದರೆ ಹುಳು ಹಣ್ಣಾಯಿತೆಂದರೆ ಆ ಹೊತ್ತೇ ಚಂದ್ರಿಕೆಗೆ ಬಿಡಬೇಕು; “ನಾಳೆ ನೋಡೋಣ” ಎಂದರೆ ತಟ್ಟೆಯ ಕಸದಲ್ಲೇ ನೂಲು ಸುತ್ತಿ ರೇಷ್ಮೆ ಹಾಳಾಗುತ್ತದೆ. ಎರಡಕ್ಕೂ ಹೊತ್ತುಂಟು. ಆದರೆ ಆ ಹೊತ್ತನ್ನು ಹೇಳಬೇಕಾದವರು ರಾತ್ರಿಯೆಲ್ಲ ಎದ್ದು ತಟ್ಟೆ ನೋಡುವವರೇ ಹೊರತು, ಬೀದಿಯಲ್ಲಿ ಹೋಗುವವರಲ್ಲ. ಆರು ತಿಂಗಳು ಬರೆಯಲಾಗದವನನ್ನು “ಏಕೆ ಬರೆಯಲಿಲ್ಲ?” ಎಂದು ಕೇಳುವುದೂ ತಪ್ಪು, ಏಳನೆಯ ತಿಂಗಳು ಬರೆದವನನ್ನು “ಇಷ್ಟು ಬೇಗ ಏಕೆ?” ಎಂದು ಕೇಳುವುದೂ ತಪ್ಪು.

ಮೂರನೆಯದು ಎಲ್ಲಕ್ಕಿಂತ ಕ್ರೂರವಾದ ಆಕ್ಷೇಪಣೆ: “ದುಃಖವನ್ನು ಮಾರಾಟಕ್ಕಿಡುತ್ತೀರಾ?” ಪತ್ರಿಕೆಯಲ್ಲಿ ಹಣ ತೆತ್ತು, ಭಾವಚಿತ್ರ ಹಾಕಿಸಿ, ಬಂಧುಗಳೆಲ್ಲರ ಹೆಸರು ಅಚ್ಚು ಮಾಡಿಸಿ ಶ್ರದ್ಧಾಂಜಲಿ ಕೊಟ್ಟರೆ ಅದನ್ನು ಯಾರೂ ಮಾರಾಟವೆನ್ನುವುದಿಲ್ಲ. ತೀರಿಕೊಂಡವರು ಹೇಗೆ ನಗುತ್ತಿದ್ದರು, ಯಾವ ಸಾಲಕ್ಕೆ ಹೆದರುತ್ತಿದ್ದರು ಎಂದು ನಿಜ ಬರೆದರೆ ಮಾತ್ರ ಮರ್ಯಾದೆಗೆ ಕುಂದು! ಬೇಂದ್ರೆಯವರು ಒಂದಲ್ಲ, ಹಲವು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ಆ ನೋವು ಅವರ ಕವನಗಳಲ್ಲಿ ಬಂತು; 1937ರ ‘ಸಖೀಗೀತ’ದಲ್ಲಿ ದಾಂಪತ್ಯದ ಕಥೆಯೊಡನೆ ಕೂಡಿ ಬಂತು. ಮಕ್ಕಳ ಸಾವನ್ನು ಅವರು ಮಾರಿಕೊಂಡರೆಂದು ಹೇಳುವ ಎದೆ ಯಾರಿಗಿದೆ? ದೊಡ್ಡವರಿಗೆ ಒಂದು ನ್ಯಾಯ, ಮಳವಳ್ಳಿಯ ಹುಡುಗಿಗೆ ಇನ್ನೊಂದು ನ್ಯಾಯವೆ?

ಹುಡುಗಿಗೆ ಎಂದೆ; ಸುಮ್ಮನೆ ಎನ್ನಲಿಲ್ಲ. ಈ ಶಾಸನದ ಭಾರವೆಲ್ಲ ಬೀಳುವುದು ಹೆಂಗಸರ ಮೇಲೆ. ಹತ್ತನೆಯ ಶತಮಾನದಲ್ಲಿ ನಾಗದೇವ ಮಡಿದಾಗ ಅವನ ಮಡದಿ ಗುಂಡಮಬ್ಬೆ ಸಹಗಮನ ಮಾಡಿದಳು. ಅವಳ ಅಕ್ಕ, ನಾಗದೇವನ ಇನ್ನೊಬ್ಬ ಮಡದಿ ಅತ್ತಿಮಬ್ಬೆ, ಬದುಕಿ ಉಳಿದು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳು, 993ರಲ್ಲಿ ರನ್ನನಿಂದ ‘ಅಜಿತಪುರಾಣ’ ಬರೆಸಿದಳು. ಬದುಕಿದವಳಿಂದ ಕನ್ನಡಕ್ಕೆ ಬಂದ ಲಾಭ ಇದು. ನಮ್ಮ ನೆರೆಯ ನಂಜನಗೂಡಿನ ತಿರುಮಲಾಂಬ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಮೂಲೆ ಹಿಡಿದು ಕೂರಬೇಕಾಗಿದ್ದ ಕಾಲದಲ್ಲಿ ಲೇಖನಿ ಹಿಡಿದರು. 1913ರಲ್ಲಿ ‘ಸುಶೀಲೆ’ ಕಾದಂಬರಿ ಬಂತು, ‘ಸತೀಹಿತೈಷಿಣೀ’ ಗ್ರಂಥಮಾಲೆ ಹುಟ್ಟಿತು. ತ್ರಿವೇಣಿಯವರು 1963ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ‘ಅವಳ ಮನೆ’ ಕಾದಂಬರಿ ಅರ್ಧಕ್ಕೆ ನಿಂತಿತ್ತು, ಎಂ.ಸಿ. ಪದ್ಮಾ ಅವರು ಅದನ್ನು ಪೂರ್ತಿ ಮಾಡಿದರು. ಹೋದವರ ವಾಕ್ಯ ನಿಂತ ಜಾಗದಿಂದಲೇ ಮುಂದಿನ ವಾಕ್ಯವನ್ನು ಬರೆಯುವುದಕ್ಕಿಂತ ದೊಡ್ಡ ಧೈರ್ಯ ಯಾವುದು?

ಅಷ್ಟೇಕೆ, ಓದು ಬಾರದ ನಮ್ಮ ಅಜ್ಜಿಯರನ್ನೇ ನೋಡಿ. ಸಾವಾದ ಮನೆಯಲ್ಲಿ ಹಾಡಿಕೊಂಡು ಅಳುವುದು ನಮ್ಮ ಹಳ್ಳಿಗಳ ಪದ್ಧತಿ. ಹೋದವನು ಯಾವ ಸಂತೆಯಲ್ಲಿ ಎತ್ತು ಕೊಂಡ, ಯಾರ ಮದುವೆಗೆ ದುಡಿದ, ಯಾವ ಮಾತನ್ನು ನಡೆಸದೆ ಹೋದ, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ಅವರು ಹತ್ತು ವರ್ಷ ತಡೆಯುವುದಿಲ್ಲ, ಹತ್ತು ನಿಮಿಷವೂ ತಡೆಯುವುದಿಲ್ಲ. ಆ ಬಾಯಿಗಳಲ್ಲಿದ್ದ ಮಾತನ್ನು ಬಿಡಿಸಿ, ಶಾಲೆಗೆ ಕಳಿಸಿ, ಅಕ್ಷರ ಕಲಿಸಿ, ಕೊನೆಗೆ ನಾವು ಕಲಿಸಿದ್ದು ಬಾಯಿ ಮುಚ್ಚುವುದನ್ನೆ?

ಇದು ಬರಿಯ ಸಾಹಿತ್ಯದ ಜಗಳವಲ್ಲ. 2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಕಬ್ಬಿನ ರೈತರ ಆತ್ಮಹತ್ಯೆಗಳು ಪತ್ರಿಕೆಗಳ ಮೊದಲ ಪುಟಕ್ಕೆ ಬಂದವು. ಎಷ್ಟು ಜನ, ಎಷ್ಟು ಸಾಲ, ಎಷ್ಟು ಪರಿಹಾರ ಎಂದು ಲೆಕ್ಕ ನಡೆಯಿತು. ಆ ಲೆಕ್ಕ ಬೇಕು, ಬೇಡವೆನ್ನುವುದಿಲ್ಲ. ಆದರೆ ಮಗಳೂ ಹೆಂಡತಿಯೂ ಬರೆಯದೆ ಹೋದರೆ, ಒಬ್ಬ ಮನುಷ್ಯ ಬದುಕಿದ್ದನೆಂಬುದಕ್ಕೆ ಕಚೇರಿಯ ಕಡತವೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಅವನು ಹೇಗೆ ಸತ್ತನೆಂಬುದು ಕಡತದಲ್ಲಿ ಇರುತ್ತದೆ. ಹೇಗೆ ಬಾಳಿದನೆಂಬುದು ಇರುವುದಿಲ್ಲ.

ಹಾಗಾದರೆ ಅಳು ಬಂದವರು ಬರೆದದ್ದೆಲ್ಲ ಸಾಹಿತ್ಯವೆ? ಖಂಡಿತ ಅಲ್ಲ. ತೀರಿಕೊಂಡವರನ್ನೆಲ್ಲ ದೇವರು ಮಾಡಿಬಿಡುವ ಸಂಸ್ಮರಣ ಗ್ರಂಥಗಳನ್ನು ನಾನೂ ಬೇಕಾದಷ್ಟು ಓದಿದ್ದೇನೆ. ಅವು ಸೋಲುವುದು ದುಃಖ ಹೆಚ್ಚಾದ್ದರಿಂದಲ್ಲ, ನಿಜ ಕಡಿಮೆಯಾದ್ದರಿಂದ. ಸತ್ತವರು ಬಂದು ಉತ್ತರ ಹೇಳಲಾರರು. ಆದ್ದರಿಂದ ಬರೆಯುವವರ ಮೇಲೆ ಎರಡು ಪಟ್ಟು ಹೊಣೆಯಿದೆ: ಅವರ ಮೇಲೆ ಇಲ್ಲದ್ದನ್ನು ಹೊರಿಸಬಾರದು, ಇದ್ದದ್ದನ್ನು ಒರೆಸಬಾರದು. ಈ ಹೊಣೆಯನ್ನು ಕಟ್ಟುನಿಟ್ಟಾಗಿ ಕೇಳಲಿ, ವಿಮರ್ಶಕರು. ಅದು ಅವರ ಹಕ್ಕು. ಬರೆದದ್ದು ಚೆನ್ನಾಗಿಲ್ಲವಾದರೆ ಚೆನ್ನಾಗಿಲ್ಲವೆನ್ನಲಿ. ಬರೆಯಬೇಡವೆನ್ನುವ ಹಕ್ಕು ಮಾತ್ರ ಅವರಿಗಿಲ್ಲ.

ಧೈರ್ಯ ಬಂದ ಮೇಲೆ ಬರೆಯೋಣವೆಂದು ಕೂತವರಿಗೆ ನನ್ನದೊಂದು ಮಾತು: ಧೈರ್ಯ ಮೊದಲು ಬರುವುದಿಲ್ಲ. ಮೊದಲು ಬರುವುದು ಒಂದು ವಾಕ್ಯ; ಅದು ಸೊಟ್ಟಗೆ ಇರುತ್ತದೆ, ನಾಚಿಕೆಯಾಗುತ್ತದೆ. ಹೊಡೆದು ಹಾಕಿ, ಇನ್ನೊಂದು ಬರೆಯಿರಿ. ಯಾರಾದರೂ “ಅವರ ಸಾವನ್ನೂ ಬರೆದಿರಾ?” ಎಂದು ಕೇಳಿದರೆ, “ಸಾವನ್ನಲ್ಲ, ಅವರನ್ನು ಬರೆದೆ” ಎನ್ನಿ. ಒಲೆಗೆ ಹಾಕಲು ಸೌದೆಯಿದೆ; ಹಾಳೆ ಬೇಡ.