ಬಂಕೇಯನ ಪ್ರತಿಜ್ಞೆ, ಬಂಕಾಪುರದ ಉತ್ತರ

ರಾಷ್ಟ್ರಕೂಟರ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಬಂಕೇಯನ ಪರಿಚಯವಾಗುವುದು ಒಂದು ಪ್ರತಿಜ್ಞೆಯ ಮೂಲಕ. ಅಮೋಘವರ್ಷ ನೃಪತುಂಗನ ಆಜ್ಞೆಯಂತೆ ಅವನು ಗಂಗವಾಡಿಯ ಮೇಲೆ ದಂಡೆತ್ತಿ ಹೋದನು. ಈಗಿನ ತುಮಕೂರಿನ ಬಳಿಯ ಕೈದಾಳದ ದುರ್ಗವನ್ನು ಹಿಡಿದು, ತಲಕಾಡಿನ ಒಡೆಯನನ್ನು ಹಿಮ್ಮೆಟ್ಟಿಸಿ, ಕಾವೇರಿಯನ್ನು ದಾಟಿದನು. ಅಷ್ಟರಲ್ಲಿ ರಾಜಧಾನಿಯ ಕಡೆ ಒಳಬಂಡಾಯವೆದ್ದು ಹಿಂದಿರುಗಬೇಕೆಂದು ಕರೆ ಬಂದಿತು. ಮೂರು ತಿಂಗಳೊಳಗೆ ಸ್ವಾಮಿಯ ಶತ್ರುಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅವನು ನುಡಿದನು, ಗೆದ್ದನು. ಸ್ವಾಮಿಭಕ್ತಿಗೆ ನಿದರ್ಶನವಾಗಿ ಈ ಕಥೆಯನ್ನು ಹೇಳಿ ನಮ್ಮ ಪಠ್ಯಗಳು ಮುಂದಿನ ರಾಜನತ್ತ ಸರಿಯುತ್ತವೆ. ಈ ಓದು ಬಂಕೇಯನಿಗೆ ನ್ಯಾಯ ಒದಗಿಸುವುದಿಲ್ಲವೆಂದು ನನ್ನ ಅಭಿಪ್ರಾಯ. ಅವನ ಮಹತ್ತ್ವವಿರುವುದು ಗೆದ್ದ ಯುದ್ಧದಲ್ಲಲ್ಲ, ಗಡಿನಾಡೊಂದನ್ನು ಅವನು ಆಳಿದ ಬಗೆಯಲ್ಲಿ.

ಮೊದಲು ಆಧಾರದ ಮಾತು. ಈ ವೃತ್ತಾಂತಕ್ಕೆ ಮೂಲ ಕೊಣ್ಣೂರಿನ ಶಿಲಾಶಾಸನ. ಅದರ ಕಾಲ ಶಕ 782, ಅಂದರೆ ಕ್ರಿ.ಶ. 860. ಆದರೆ ಇಂದು ನಮ್ಮ ಕಣ್ಣೆದುರಿಗಿರುವ ಕಲ್ಲು ಆ ಕಾಲದ್ದಲ್ಲ. ಸುಮಾರು ಮೂರು ಶತಮಾನಗಳ ಅನಂತರ, ಮೇಘಚಂದ್ರ ತ್ರೈವಿದ್ಯರ ಶಿಷ್ಯ ವೀರನಂದಿಗಳ ಕಾಲದಲ್ಲಿ, ಹಳೆಯ ತಾಮ್ರಶಾಸನವನ್ನು ನೋಡಿ ಬರೆಯಿಸಿದ ಪ್ರತಿ ಅದು. ಇದನ್ನು ತಿಳಿದೊಡನೆ ಕೆಲವರು ಶಾಸನವನ್ನೇ ಕೂಟವೆಂದು ಬದಿಗೆ ಸರಿಸುತ್ತಾರೆ, ಮತ್ತೆ ಕೆಲವರು ಪ್ರತಿಯೆಂಬುದನ್ನೇ ಮರೆತು ಪ್ರತಿಯೊಂದು ವಿಶೇಷಣವನ್ನೂ ಘಟನೆಯೆಂದು ನಂಬುತ್ತಾರೆ. ಎರಡೂ ಆತುರದ ನಿರ್ಣಯಗಳು. ಶಾಸನ ಹೇಳುವ ಆಶ್ವಯುಜ ಹುಣ್ಣಿಮೆಯ ಚಂದ್ರಗ್ರಹಣ 860ರ ಅಕ್ಟೋಬರ್ 3ಕ್ಕೆ ಗಣಿತದಿಂದ ಸರಿಹೊಂದುತ್ತದೆ. ಮುನ್ನೂರು ವರ್ಷಗಳ ಬಳಿಕ ಕುಳಿತು ಇಂಥ ತಿಥಿಯನ್ನು ಕಲ್ಪಿಸುವುದು ಸುಲಭವಲ್ಲ. ಪ್ರಶಸ್ತಿಯ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ತಿರುಳು ನಂಬಲರ್ಹವಾದುದು.

ಆ ತಿರುಳಿನಲ್ಲಿ ಗಮನಿಸಬೇಕಾದುದು ಶಾಸನದ ಉದ್ದೇಶ. ಅದು ಯುದ್ಧದ ಸ್ಮಾರಕವಲ್ಲ, ದಾನಪತ್ರ. ಕೊಳನೂರಿನಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕಾಗಿ ಬಂಕೇಯ ರಾಜನನ್ನು ಬೇಡಿದನು. ರಾಜನು ತಲೆಯೂರು ಗ್ರಾಮವನ್ನೂ ಇತರ ಊರುಗಳಲ್ಲಿ ಭೂಮಿಯನ್ನೂ ದೇವೇಂದ್ರ ಮುನಿಗಳಿಗೆ ಬಿಟ್ಟನು. ದಂಡಯಾತ್ರೆಯ ಕಥನವೆಲ್ಲ ಈ ದಾನಕ್ಕೆ ಕಾರಣವಾಗಿ ಬಂದ ಪೀಠಿಕೆ. ಬಂಕೇಯನ ಶೌರ್ಯ ನಮ್ಮವರೆಗೆ ತಲುಪಿದ್ದು ಒಂದು ಬಸದಿಯ ಭೂಮಿಯ ಹಕ್ಕಿನ ಬೆನ್ನೇರಿ. ಮೂರು ಶತಮಾನಗಳ ಬಳಿಕ ಆ ಊರು ತಾಮ್ರವನ್ನು ಕಲ್ಲಿಗಿಳಿಸಿದ್ದರಿಂದಲೇ ಆ ಕಥೆ ಉಳಿಯಿತು.

ಈಗ ರಾಜಕಾರಣದತ್ತ ನೋಡೋಣ. ಗಂಗವಾಡಿ ಮಾನ್ಯಖೇಟಕ್ಕೆ ಸದಾ ಬಗ್ಗದ ನಾಡು. ಸೆರೆಯಲ್ಲಿದ್ದ ಗಂಗರ ಶಿವಮಾರನನ್ನು ಮೂರನೆಯ ಗೋವಿಂದ ಬಿಡಿಸಿ ಕಳುಹಿದನು, ಅವನು ಮತ್ತೆ ತಿರುಗಿಬಿದ್ದು ಮತ್ತೆ ಸೆರೆಯಾದನು. ಅದೇ ಗಂಗವಾಡಿಯನ್ನು ಆಳುತ್ತಿದ್ದ ಗೋವಿಂದನ ಅಣ್ಣ ಕಂಬನು ಸ್ವತಃ ಸಿಂಹಾಸನಕ್ಕಾಗಿ ದಂಗೆಯೆದ್ದು, ಸೋತು, ಕ್ಷಮೆ ಪಡೆದು, ಅದೇ ನಾಡಿಗೆ ಅಧಿಪತಿಯಾಗಿ ಮರಳಿದನು. ಗಡಿನಾಡಿನ ಅಧಿಪತಿ ದುರ್ಬಲನಾದರೆ ನಾಡು ಕೈಬಿಡುತ್ತದೆ, ಬಲಿಷ್ಠನಾದರೆ ಅವನೇ ಕೈಬಿಡುತ್ತಾನೆ. ಎಲ್ಲ ಸಾಮ್ರಾಜ್ಯಗಳಿಗೂ ಇದ್ದ ಇಕ್ಕಟ್ಟು ಇದು. ದಕ್ಷಿಣ ಇಟಲಿಯಲ್ಲಿ ಬೈಜಾಂಟಿಯಂ ಸಾಮ್ರಾಜ್ಯದ ಪ್ರಾಂತಾಧಿಪತಿಯಾಗಿದ್ದ ಬಾಸಿಲ್ ಬೊಯೊವಾನ್ನೆಸ್ 1018ರಲ್ಲಿ ಬಂಡಾಯಗಾರರನ್ನು ಕಾನ್ನೆಯಲ್ಲಿ ಸೋಲಿಸಿ, ಗಡಿಯಲ್ಲಿ ಟ್ರೋಯ ಎಂಬ ಕೋಟೆಪಟ್ಟಣವನ್ನು ಕಟ್ಟಿದನು. ರಾಜಧಾನಿ ಅವನನ್ನು ಹಿಂದಕ್ಕೆ ಕರೆಸಿಕೊಂಡ ಮೇಲೆ ಆ ಪ್ರಾಂತದ ಹಿಡಿತ ಸಡಿಲವಾಗುತ್ತ ಬಂದು, ಕೊನೆಗೆ ಅದು ನಾರ್ಮನ್ನರ ಪಾಲಾಯಿತು.

ಬಂಕೇಯನೂ ಹಿಂದಕ್ಕೆ ಕರೆಯಲ್ಪಟ್ಟವನೇ. ಆದರೆ ಅವನ ಬೇರು ಬೇರೆಡೆ ಗಟ್ಟಿಯಾಗಿತ್ತು. ಬನವಾಸಿ ಪನ್ನಿರ್ಛಾಸಿರ, ಬೆಳ್ಗಲಿ ಮುನ್ನೂರು, ಕುಂದರಗೆ ಎಪ್ಪತ್ತು, ಕುಂದೂರು ಐನೂರು, ಪುರಿಗೆರೆ ಮುನ್ನೂರು ಅವನ ಆಳಿಕೆಯಲ್ಲಿದ್ದುವೆಂದು ನಿಡಗುಂದಿಯ ಶಾಸನ ತಿಳಿಸುತ್ತದೆ. ಮಗ ಕುಂದಟ್ಟೆ ಅವನ ಕೆಳಗೆ ನಿಡುಗುಂದಗೆ ಹನ್ನೆರಡನ್ನು ಆಳುತ್ತಿದ್ದನು. ಸಾಹಿತ್ಯದ ವಿದ್ಯಾರ್ಥಿಗಳು ಪುರಿಗೆರೆಯ ಹೆಸರಿನಲ್ಲಿ ಒಂದು ಕ್ಷಣ ನಿಲ್ಲಬೇಕು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸುವ ನಾಲ್ಕು ಸ್ಥಳಗಳಲ್ಲಿ ಅದೂ ಒಂದು. ಕಾವ್ಯಕ್ಕೆ ಕೇಂದ್ರವಾಗಿದ್ದ ನೆಲ ಆಡಳಿತದಲ್ಲಿ ಈ ಸೇನಾನಿಯ ಹೊಣೆಯಾಗಿತ್ತು.

ನಿಷ್ಠೆಗೆ ಬೆಲೆಯೂ ಇತ್ತೆಂಬುದನ್ನು ಮರೆಯಬಾರದು. ಶಕ 820ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಾಗ ವನವಾಸ ದೇಶವನ್ನು ಆಳುತ್ತಿದ್ದವನು ಬಂಕೇಯನ ಮಗ ಲೋಕಾದಿತ್ಯ. ಅವನಿದ್ದ ಬಂಕಾಪುರ ತಂದೆ ತನ್ನ ಹೆಸರಿನಿಂದ ನೆಲೆಗೊಳಿಸಿದ ಪಟ್ಟಣವೆಂದು ಅದರ ಪ್ರಶಸ್ತಿ ಹೇಳುತ್ತದೆ. ರಾಜಪ್ರಸಾದದಿಂದ ಬಂದ ಪದವಿ ಒಂದೇ ತಲೆಮಾರಿನಲ್ಲಿ ಮನೆತನದ ಸೊತ್ತಾಯಿತು. ಅಮೋಘವರ್ಷ ಸಿಂಹಾಸನವನ್ನು ಉಳಿಸಿಕೊಂಡನು, ಬನವಾಸಿಯನ್ನು ಚೆಲ್ಲಕೇತನರಿಗೆ ಬಿಟ್ಟುಕೊಟ್ಟನು. ಇದನ್ನು ಬರಿಯ ಭಕ್ತಿಯೆನ್ನುವುದಕ್ಕಿಂತ ಇಬ್ಬರೂ ತಿಳಿದು ನಡೆಸಿದ ಒಪ್ಪಂದವೆನ್ನುವುದು ಹೆಚ್ಚು ಸರಿ.

ಗಂಗವಾಡಿಯನ್ನು ಕತ್ತಿ ಗೆದ್ದಿತೇ? ಇಲ್ಲ. ಅಮೋಘವರ್ಷ ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಮದುವೆ ಮಾಡಿದನು. ದಂಡಯಾತ್ರೆ ಸಾಧಿಸದಿದ್ದುದನ್ನು ಸಂಬಂಧ ಸಾಧಿಸಿತು. ದಕ್ಷಿಣ ಬೆಂಗಳೂರಿನಲ್ಲಿರುವ ನಮಗೆ ಇದು ದೂರದ ಕಥೆಯಲ್ಲ. ಬಿಟಿಎಂ ಬಡಾವಣೆಯಿಂದ ಬೊಮ್ಮನಹಳ್ಳಿ ದಾಟಿದರೆ ಸಿಗುವ ಬೇಗೂರು ಅಂದಿನ ಗಂಗವಾಡಿಯ ಬೆಂಪೂರು. ಗಂಗರ ಪರವಾಗಿ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ವೀರಗಲ್ಲು ಆ ಊರಿನದು. ಕೊಣ್ಣೂರಿನ ಪ್ರಶಸ್ತಿ ಒಂದೇ ಮಾತಿನಲ್ಲಿ ದಾಟಿಹೋಗುವ ನಾಡು ಬೇಗೂರಿನ ಕಲ್ಲಿನಲ್ಲಿ ತನ್ನ ಬದುಕನ್ನೂ ಸಾವನ್ನೂ ತಾನೇ ಹೇಳಿಕೊಳ್ಳುತ್ತದೆ. ಇವೆರಡನ್ನೂ ಒಟ್ಟಿಗಿಟ್ಟು ಓದುವ ಸಂಶೋಧಕನಿಗೆ ಮಾತ್ರ ಗಡಿಯ ಎರಡು ಬದಿಗಳೂ ಕಾಣುತ್ತವೆ.

ಕೊನೆಯದಾಗಿ ಒಂದು ಸಂಗತಿ. ಬಂಕೇಯನ ಕಾಲದಿಂದ ಒಂದು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ, ಕ್ರಿ.ಶ. 974ರ ಸುಮಾರಿಗೆ, ಗಂಗರ ಇಮ್ಮಡಿ ಮಾರಸಿಂಹ ರಾಜ್ಯವನ್ನು ತೊರೆದು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅವನು ಕೊನೆಯವರೆಗೂ ರಾಷ್ಟ್ರಕೂಟರ ಪರವಾಗಿ ನಿಂತಿದ್ದವನು. ಅವನು ದೇಹ ಬಿಟ್ಟ ಸ್ಥಳ ಬಂಕಾಪುರ. ಗಂಗರನ್ನು ಬೇರುಸಹಿತ ಕೀಳಲು ಹೊರಟಿದ್ದ ಸೇನಾನಿಯ ಹೆಸರಿನ ಊರಿನಲ್ಲೇ ಗಂಗ ಚಕ್ರವರ್ತಿಯೊಬ್ಬ ಸಮಾಧಿಮರಣವನ್ನು ಅರಸಿ ಬಂದನು. ಬಂಕೇಯನನ್ನು ಅಳೆಯುವವರು ಮೂರು ತಿಂಗಳ ಪ್ರತಿಜ್ಞೆಯಷ್ಟೇ ಗಮನವನ್ನು ಅವನು ಕಟ್ಟಿದ ಊರಿಗೂ ಕೊಡಬೇಕೆಂಬುದು ನನ್ನ ಬಿನ್ನಹ.