ಪಂಪಿಗೆ ರಿಯಾಯಿತಿ, ಕರೆಂಟಿಗೆ ಬರೆ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಚಳಿ ಶುರುವಾಗುತ್ತಿದ್ದ ಹಾಗೇ ಒಂದು ಮೆಸೇಜ್ ತಪ್ಪದೇ ಬರುತ್ತೆ: ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸ್ಕೊಳ್ಳಿ, ಸರ್ಕಾರ 7,500 ಪೌಂಡ್ ಪುಕ್ಕಟೆ ಕೊಡುತ್ತೆ. ಅದರ ಕೆಳಗೆ ಹತ್ತಿಪ್ಪತ್ತು ಹೆಬ್ಬೆಟ್ಟು. ನಮ್ಮ ದುಡ್ಡಿನಲ್ಲಿ ಎಂಟು ಲಕ್ಷ ರೂಪಾಯಿಗೂ ಹೆಚ್ಚು, ಹೆಬ್ಬೆಟ್ಟು ಬೀಳದೆ ಇನ್ನೇನು? ನನ್ನ ತಕರಾರು ಆ ‘ಪುಕ್ಕಟೆ’ ಅನ್ನೋ ಪದದ ಬಗ್ಗೆ. ಯಾರಿಗೆ ಪುಕ್ಕಟೆ? ಯಾರ ದುಡ್ಡು? ಕೊಟ್ಟ ಮೇಲೆ ಮನೆಯ ಬಿಲ್ ಇಳಿಯುತ್ತಾ? ಈ ಮೂರನ್ನೂ ಯಾರೂ ಕೇಳಲ್ಲ.

ಮೊದಲೇ ಹೇಳಿಬಿಡ್ತೀನಿ, ನನಗೆ ಹೀಟ್ ಪಂಪ್ ಮೇಲೆ ಯಾವ ದ್ವೇಷವೂ ಇಲ್ಲ. ಯಂತ್ರವಾಗಿ ಅದು ಅದ್ಭುತ. ನಿಮ್ಮ ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕೋದು ಫ್ರಿಜ್ಜಿನ ಕೆಲಸ. ಹೀಟ್ ಪಂಪ್ ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಶಾಖವನ್ನು ಎತ್ತಿ ಮನೆಯೊಳಗೆ ತರುತ್ತೆ. ಶಾಖವನ್ನು ಹುಟ್ಟಿಸೋದಿಲ್ಲ, ಸಾಗಿಸುತ್ತೆ. ಹಾಗಾಗಿ ಒಂದು ಯೂನಿಟ್ ಕರೆಂಟ್ ಕುಡಿದು ಸುಮಾರು ಮೂರು ಯೂನಿಟ್ ಶಾಖ ಕೊಡುತ್ತೆ. ಗ್ಯಾಸ್ ಬಾಯ್ಲರ್ ಎಷ್ಟೇ ಒಳ್ಳೆಯದಾದರೂ ಒಂದು ಯೂನಿಟ್ ಗ್ಯಾಸಿಗೆ ಮುಕ್ಕಾಲು ಪಾಲಿಗಿಂತ ಮೇಲೆ, 0.9ರ ಹತ್ತಿರ ಹೋದರೆ ಹೆಚ್ಚು. ಚಳಿದೇಶಕ್ಕೆ ಆಗಿಬರಲ್ಲ ಅನ್ನೋ ಮಾತು ಸುಳ್ಳು. ನಾರ್ವೆಯಲ್ಲಿ ಸುಮಾರು 60 ಶೇಕಡಾ ಮನೆಗಳಲ್ಲಿ ಹೀಟ್ ಪಂಪ್ ಇದೆ, ಅಲ್ಲಿನ ಚಳಿಯ ಮುಂದೆ ಲಂಡನ್ ಚಳಿ ನಮ್ಮ ತಿಪಟೂರಿನ ಡಿಸೆಂಬರ್ ಇದ್ದಂಗೆ.

ಹಾಗಿದ್ರೆ ಬ್ರಿಟನ್ನಿನಲ್ಲಿ ಯಾಕೆ ಓಡ್ತಿಲ್ಲ? 2022ರ ಮೇ ತಿಂಗಳಲ್ಲಿ ‘ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್’ ಅಂತ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಶುರು ಮಾಡಿದರು, ಆಗ 5,000 ಪೌಂಡ್. ಮೊದಲ ವರ್ಷ ಇಟ್ಟ ದುಡ್ಡೇ ಪೂರ್ತಿ ಖರ್ಚಾಗಲಿಲ್ಲ. 2023ರ ಅಕ್ಟೋಬರಿನಲ್ಲಿ 7,500ಕ್ಕೆ ಏರಿಸಿದರು. ಅರ್ಜಿಗಳು ಹೆಚ್ಚಾದವು ನಿಜ. ಆದರೆ ಗುರಿ ಇದ್ದದ್ದು 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಪಂಪು. 2024ರಲ್ಲಿ ಇಡೀ ಬ್ರಿಟನ್ನಿನಲ್ಲಿ ಮಾರಾಟವಾದದ್ದು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅದೇ ವರ್ಷ ಗ್ಯಾಸ್ ಬಾಯ್ಲರ್‌ಗಳು ಅದರ ಹತ್ತಾರು ಪಟ್ಟು ಹೋದವು. ಇಷ್ಟಾದರೂ ರಾಜಕಾರಣಿಗಳ ಉತ್ತರ ಒಂದೇ: ರಿಯಾಯಿತಿ ಇನ್ನೂ ಮುಂದುವರಿಸ್ತೀವಿ, ಇನ್ನಷ್ಟು ದುಡ್ಡು ಹಾಕ್ತೀವಿ.

ರಿಯಾಯಿತಿ ಯಾಕೆ ಕಚ್ಚಿಕೊಳ್ತಿಲ್ಲ ಅಂತ ತಿಳಿಯೋಕೆ ಎಕ್ಸೆಲ್ ಶೀಟೂ ಬೇಡ, ಕೂಡಿಸಿ ಕಳೆಯೋದು ಗೊತ್ತಿದ್ರೆ ಸಾಕು. ಇಲ್ಲಿನ ಮಧ್ಯಮ ಅಳತೆಯ ಮನೆ ವರ್ಷಕ್ಕೆ 11,500 ಯೂನಿಟ್ ಗ್ಯಾಸ್ ಉರಿಸುತ್ತೆ ಅಂತ ಇಲ್ಲಿನ ನಿಯಂತ್ರಕ ಆಫ್‌ಜೆಮ್ ಲೆಕ್ಕ ಇಟ್ಕೊಳ್ಳುತ್ತೆ. ಗ್ಯಾಸ್ ಯೂನಿಟ್ಟಿಗೆ ಸುಮಾರು 6 ಪೆನ್ಸ್. ಅಂದರೆ 690 ಪೌಂಡ್. ಬಾಯ್ಲರ್ ಇಂದ ಸಿಗೋ ಶಾಖ 10,350 ಯೂನಿಟ್. ಅಷ್ಟೇ ಶಾಖಕ್ಕೆ ಹೀಟ್ ಪಂಪ್‌ಗೆ ಬೇಕಾಗೋದು 3,450 ಯೂನಿಟ್ ಕರೆಂಟ್. ಮೂರನೇ ಒಂದು ಭಾಗಕ್ಕೂ ಕಡಿಮೆ ಇಂಧನ, ಎಷ್ಟು ಚೆಂದ! ಆದರೆ ಕರೆಂಟ್ ಯೂನಿಟ್ಟಿಗೆ ಸುಮಾರು 25 ಪೆನ್ಸ್. ಬಿಲ್ 862 ಪೌಂಡ್. ಗ್ಯಾಸ್ ಕನೆಕ್ಷನ್ನೇ ಪೂರ್ತಿ ಕಿತ್ತು ಹಾಕಿಸಿದರೆ ಅದರ ದಿನದ ಬಾಡಿಗೆ, ವರ್ಷಕ್ಕೆ ನೂರು ಚಿಲ್ಲರೆ ಪೌಂಡ್, ಉಳಿಯುತ್ತೆ. ಒಟ್ಟಿನಲ್ಲಿ ಹೆಚ್ಚುಕಡಿಮೆ ಅಲ್ಲಿಂದಲ್ಲಿಗೆ.

ಇನ್ನು ಹಾಕಿಸೋ ಖರ್ಚು. ಪಂಪು, ನೀರಿನ ಸಿಲಿಂಡರ್, ದೊಡ್ಡ ರೇಡಿಯೇಟರ್, ಪೈಪು, ಕೂಲಿ ಎಲ್ಲ ಸೇರಿ 12-13 ಸಾವಿರ ಪೌಂಡ್ ಆಗೋದು ಮಾಮೂಲಿ. 7,500 ಕಳೆದರೂ ಐದು ಸಾವಿರ ಕೈಯಿಂದ. ಹೊಸ ಗ್ಯಾಸ್ ಬಾಯ್ಲರ್ ಮೂರು ಸಾವಿರದೊಳಗೆ ಬರುತ್ತೆ. ಸರ್ಕಾರದ ದುಡ್ಡು ತಗೊಂಡ ಮೇಲೂ ಎರಡು ಸಾವಿರ ಹೆಚ್ಚಿಗೆ ಕೊಟ್ಟು, ಬಿಲ್ಲಿನಲ್ಲಿ ಏನೂ ಉಳಿಸದೆ, ನೆಲ ಅಗೆಸಿಕೊಂಡು ಒಂದು ವಾರ ಧೂಳು ಕುಡಿಯೋಕೆ ಎಷ್ಟು ಜನ ಒಪ್ತಾರೆ? ಬುದ್ಧಿವಂತ ಇಂಜಿನಿಯರ್ ಸಿಕ್ಕಿ, ಮನೆಗೆ ಇನ್ಸುಲೇಷನ್ ಚೆನ್ನಾಗಿದ್ದು, ಒಂದಕ್ಕೆ ನಾಲ್ಕು ಯೂನಿಟ್ ಶಾಖ ಬಂದರೆ, ಹೀಟ್ ಪಂಪಿಗೆಂದೇ ಇರುವ ಅಗ್ಗದ ಹೊತ್ತಿನ ದರ ಹಿಡಿದರೆ ಲಾಭ ಇದೆ. ಒಪ್ತೀನಿ. ಅಂಥವರು ಗುಂಪಿನಲ್ಲಿ ಗ್ರಾಫ್ ಸಮೇತ ಹಾಕ್ತಾರೆ. ಆದರೆ ಗ್ರಾಫ್ ಬಿಡಿಸೋರಿಗೆ ಮಾತ್ರ ಲಾಭ ಆಗೋ ಯೋಜನೆ ದೇಶದ ಯೋಜನೆ ಅಲ್ಲ, ಹವ್ಯಾಸ.

ಕರೆಂಟ್ ಯಾಕೆ ಗ್ಯಾಸಿನ ನಾಲ್ಕು ಪಟ್ಟು? ಒಂದು ಕಾರಣ, ಇಲ್ಲಿ ಬಹಳ ಹೊತ್ತು ಕರೆಂಟಿನ ಸಗಟು ಬೆಲೆಯನ್ನು ನಿರ್ಧರಿಸೋದು ಗ್ಯಾಸ್ ಉರಿಸೋ ಸ್ಥಾವರಗಳೇ. ಇನ್ನೊಂದು ಕಾರಣ ಸರ್ಕಾರದ ಕೈಯಲ್ಲೇ ಇದೆ. ಗಾಳಿಯಂತ್ರಗಳಿಗೆ, ಸೋಲಾರಿಗೆ ಹಿಂದೆ ಒಪ್ಪಿಕೊಂಡ ನೆರವಿನ ದುಡ್ಡನ್ನು ವರ್ಷಗಟ್ಟಲೆ ಕರೆಂಟ್ ಬಿಲ್ಲಿನ ಮೇಲೆ ಹೇರಿದರು. ಗ್ಯಾಸ್ ಬಿಲ್ಲಿನ ಮೇಲೆ ಅಂಥ ಹೊರೆ ಕಡಿಮೆ. ಅಂದರೆ ಹೊಗೆ ಬಿಡೋ ಇಂಧನ ಹಗುರ, ಹೊಗೆ ನಿಲ್ಲಿಸೋಕೆ ತಂದ ಇಂಧನ ಭಾರ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ. ಬಲಗೈಲಿ 7,500 ಕೊಟ್ಟು ಎಡಗೈಲಿ ಪ್ರತಿ ಯೂನಿಟ್ಟಿನ ಮೇಲೂ ವಸೂಲಿ. ಕೊನೆಗೂ 2025ರ ನವೆಂಬರ್ ಬಜೆಟ್ಟಿನಲ್ಲಿ ಈ ಹೊರೆಯ ಒಂದು ಭಾಗವನ್ನು ಬಿಲ್ಲಿನಿಂದ ತೆಗೆದು ಖಜಾನೆಗೆ ಹಾಕೋದಾಗಿ ಹೇಳಿದರು, ಅದೂ ಮೂರು ವರ್ಷಕ್ಕೆ. ಜರ್ಮನಿ ಇಂಥದೇ ಲೆವಿಯನ್ನು 2022ರ ಜುಲೈನಲ್ಲೇ ಸೊನ್ನೆ ಮಾಡಿತ್ತು. ಮನೆಗೆ ಹಾಕಿಸೋ ಯಂತ್ರ ಹದಿನೈದು ಇಪ್ಪತ್ತು ವರ್ಷ ಬಾಳೋದು. ಮೂರು ವರ್ಷದ ಮಾತು ನಂಬಿ ಯಾರು ಗೋಡೆ ಒಡೆಸ್ತಾರೆ?

ಈ ಆಟ ನಮಗೆ ಹೊಸದೇನಲ್ಲ. 2016ರಲ್ಲಿ ಉಜ್ವಲಾ ಬಂತು. ಬಡ ಹೆಣ್ಣುಮಕ್ಕಳಿಗೆ ಠೇವಣಿ ಇಲ್ಲದೆ ಗ್ಯಾಸ್ ಕನೆಕ್ಷನ್. ಒಳ್ಳೆ ಕೆಲಸ, ನಾನು ಆಡಿಕೊಳ್ಳಲ್ಲ. ಆದರೆ ನಮ್ಮೂರ ಕಡೆ ಹೋಗಿ ನೋಡಿ. ಸ್ಟವ್ ಕಟ್ಟೆ ಮೇಲೆ ಪಳಪಳ ಅಂತಿರುತ್ತೆ, ನೆಂಟರು ಬಂದಾಗ ಕಾಫಿಗೆ ಹಚ್ತಾರೆ. ಸ್ನಾನದ ಹಂಡೆಗೆ, ಮುದ್ದೆಗೆ, ದನದ ಬೂಸಕ್ಕೆ ತೆಂಗಿನ ಮಟ್ಟೆ, ಗರಿ, ಚಿಪ್ಪೇ ಗತಿ. ಸಿಲಿಂಡರ್ ಸಾವಿರ ರೂಪಾಯಿ ದಾಟಿದಾಗ ತುಂಬಿಸೋರು ಯಾರು? ಕೊನೆಗೆ 2022ರಲ್ಲಿ ಸಿಲಿಂಡರಿಗೆ 200 ರೂಪಾಯಿ, 2023ರಲ್ಲಿ 300 ಅಂತ ಸಬ್ಸಿಡಿ ಕೊಡಬೇಕಾಯ್ತು. ಯಂತ್ರ ಕೊಟ್ಟರೆ ಸಾಲಲ್ಲ, ಅದನ್ನು ದಿನಾ ಓಡಿಸೋ ಖರ್ಚು ಹಳೇ ಒಲೆಗಿಂತ ಕಡಿಮೆ ಇರಬೇಕು ಅನ್ನೋದು ನಮ್ಮ ಹಟ್ಟಿಯ ಹೆಂಗಸರಿಗೆ ಗೊತ್ತು. ವೆಸ್ಟ್‌ಮಿನ್‌ಸ್ಟರಿಗೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು.

ಈಗ ಯಾರಿಗೆ ಪುಕ್ಕಟೆ ಅನ್ನೋ ಪ್ರಶ್ನೆ. ಬ್ರಿಟನ್ನಿನ ಈ 7,500ಕ್ಕೆ ಆದಾಯದ ಮಿತಿ ಇಲ್ಲ. ಐದು ಬೆಡ್‌ರೂಮಿನ ಬಂಗಲೆಯ ಬ್ಯಾಂಕರಿಗೂ ಅಷ್ಟೇ, ಎರಡು ಕೋಣೆಯ ಮನೆಯ ನರ್ಸಿಗೂ ಅಷ್ಟೇ. ಸಮಾನತೆ ಅಂತೀರಾ? ಉಳಿದ ಐದು ಸಾವಿರ ಬ್ಯಾಂಕಿನಲ್ಲಿ ಇರೋದು ಯಾರಿಗೆ? ಯೋಜನೆಯ ದುಡ್ಡು ಬರೋದು ತೆರಿಗೆಯಿಂದ. ಆ ತೆರಿಗೆಯನ್ನು ಆಫೀಸಿನ ಕಕ್ಕಸು ತೊಳೆಯೋರೂ ಕಟ್ತಾರೆ, ಅವರು ಇರೋದು ಬಾಡಿಗೆ ಮನೆಯಲ್ಲಿ. ಇಂಗ್ಲೆಂಡಿನಲ್ಲಿ ಮೂರರಲ್ಲಿ ಒಂದು ಮನೆಗಿಂತ ಸ್ವಲ್ಪ ಹೆಚ್ಚು ಬಾಡಿಗೆಯವು. ಸಾಮಾಜಿಕ ವಸತಿ ಈ ಯೋಜನೆಯಿಂದಲೇ ಹೊರಗೆ. ಖಾಸಗಿ ಬಾಡಿಗೆ ಮನೆಗೆ ಮಾಲೀಕ ಅರ್ಜಿ ಹಾಕಬಹುದು, ಕಾಗದದ ಮೇಲೆ.

ಕಾಗದದಿಂದ ಆಚೆ ಏನಾಗುತ್ತೆ ಅಂತ ನನಗೆ ಗೊತ್ತು, ನಾನೂ ಬಾಡಿಗೆಯವನೇ. ನಮ್ಮ ಮನೆಯ ಬಾಯ್ಲರಿಗೆ ಹತ್ತೊಂಬತ್ತು ವರ್ಷ. ಎರಡು ಸಲ ಕೆಟ್ಟು ನಿಂತಾಗ ಮಾಲೀಕರಿಗೆ ಯೋಜನೆಯ ವಿವರ ಎಲ್ಲ ಕಳಿಸಿದೆ. ಅವರ ಉತ್ತರ ಎರಡೇ ಸಾಲು: ಉಳಿದ ದುಡ್ಡು ನಾನ್ಯಾಕೆ ಹಾಕಲಿ, ಬಿಲ್ ಕಟ್ಟೋದು ನೀವಲ್ವಾ? ಸಿಟ್ಟು ಬಂತು, ಆದರೆ ಅವರ ತರ್ಕದಲ್ಲಿ ತಪ್ಪು ಹುಡುಕೋಕೆ ಆಗಲಿಲ್ಲ. ಯಂತ್ರ ಆರಿಸೋನು ಬಿಲ್ ಕಟ್ಟಲ್ಲ, ಬಿಲ್ ಕಟ್ಟೋನು ಯಂತ್ರ ಆರಿಸೋಹಾಗಿಲ್ಲ. ಈ ಗಂಟನ್ನು ಬಿಚ್ಚದ ಯಾವ ರಿಯಾಯಿತಿಯೂ ಬಾಡಿಗೆ ಮನೆಯ ಹೊಸ್ತಿಲು ದಾಟಲ್ಲ.

ಬಿಚ್ಚೋಕೆ ಆಗಲ್ಲ ಅಂತೇನಿಲ್ಲ. ಜರ್ಮನಿಯಲ್ಲಿ 2023ರಿಂದ ಒಂದು ಕಾನೂನಿದೆ. ಗ್ಯಾಸ್, ತೈಲದ ಮೇಲಿನ ಇಂಗಾಲದ ತೆರಿಗೆಯನ್ನು ಮಾಲೀಕ ಮತ್ತು ಬಾಡಿಗೆದಾರ ಹಂಚಿಕೊಳ್ಳಬೇಕು. ಮನೆ ಎಷ್ಟು ಕೆಟ್ಟದಾಗಿ ಶಾಖ ಸೋರಿಸುತ್ತೋ ಮಾಲೀಕನ ಪಾಲು ಅಷ್ಟು ಹೆಚ್ಚು, ತೀರಾ ಕೆಟ್ಟ ಮನೆಗೆ 95 ಶೇಕಡಾ ಮಾಲೀಕನದೇ. ಆಗ ನೋಡಿ, ಹಳೇ ಬಾಯ್ಲರ್ ಮಾಲೀಕನಿಗೂ ಚುಚ್ಚೋಕೆ ಶುರುವಾಗುತ್ತೆ. ಹೀಟ್ ಪಂಪ್ ರಿಯಾಯಿತಿಯಲ್ಲೂ ಅವರು 2024ರಿಂದ ಮೂಲ ನೆರವು 30 ಶೇಕಡಾ ಇಟ್ಟು, ತಾವೇ ವಾಸವಿರುವ ಮಾಲೀಕರ ಮನೆಯ ತೆರಿಗೆ ಬೀಳೋ ವರಮಾನ 40,000 ಯೂರೋ ಒಳಗಿದ್ದರೆ ಇನ್ನೂ 30 ಸೇರಿಸ್ತಾರೆ. ಎಲ್ಲ ಬೋನಸ್ ಕೂಡಿ ಗರಿಷ್ಠ 70. ಆ ಕಾನೂನಿಗೆ ಅಲ್ಲಿ ದೊಡ್ಡ ರಾದ್ಧಾಂತ ಆಯ್ತು, ಗದ್ದಲದಲ್ಲಿ ಸಾಕಷ್ಟು ಮೊನೆಯೂ ಹೋಯ್ತು. ಆದರೆ ಇಲ್ಲದವನಿಗೆ ಹೆಚ್ಚು ಅನ್ನೋ ಸಾಮಾನ್ಯ ಜ್ಞಾನ ಅದರಲ್ಲಿ ಉಳೀತು.

ಇದಕ್ಕೆ ಒಂದು ವಾದ ಬಂದೇ ಬರುತ್ತೆ: ಮೊದಲು ದುಡ್ಡಿದ್ದವರು ಕೊಳ್ಳಲಿ, ಬೆಲೆ ತಾನಾಗಿ ಇಳಿಯುತ್ತೆ, ಸೋಲಾರ್ ಪ್ಯಾನಲ್ ಹಾಗೇ ಇಳೀಲಿಲ್ವಾ? ಪ್ಯಾನಲ್ ಕಾರ್ಖಾನೆಯಲ್ಲಿ ಅಚ್ಚು ಹಾಕೋ ಸಾಮಾನು, ಹೆಚ್ಚು ಅಚ್ಚು ಹಾಕಿದಷ್ಟೂ ಅಗ್ಗ. ಹೀಟ್ ಪಂಪಿನ ಬಿಲ್ಲಿನಲ್ಲಿ ದೊಡ್ಡ ಪಾಲು ಕೂಲಿ, ಪೈಪು, ರೇಡಿಯೇಟರ್. ಪ್ರತಿ ಮನೆಯನ್ನೂ ಅಳೆದು, ಕೊರೆದು, ಜೋಡಿಸಬೇಕು. ಪ್ಲಂಬರುಗಳು ಮೂರ್ ಹೆಜ್ಜೆ ಹಾಕೋ ಚಿಪ್ಪುಗಳಲ್ಲ, ಎರಡು ವರ್ಷಕ್ಕೊಮ್ಮೆ ಅರ್ಧ ಬೆಲೆಗೆ ಇಳಿಯೋಕೆ. ದುಡ್ಡು ಸುರಿದರೆ ಏನಾಗುತ್ತೆ ಅಂತ ಇಟಲಿ ತೋರಿಸಿದೆ. 2020ರಲ್ಲಿ ಮನೆ ದುರಸ್ತಿಗೆ, ಹೀಟ್ ಪಂಪೂ ಸೇರಿ, ಖರ್ಚಿನ 110 ಶೇಕಡಾ ತೆರಿಗೆ ವಾಪಸ್ ಅಂತ ‘ಸೂಪರ್‌ಬೋನಸ್’ ಕೊಟ್ಟರು. ಖರ್ಚಿಗಿಂತ ಹೆಚ್ಚು ವಾಪಸ್ ಬರೋದಾದ್ರೆ ರೇಟ್ ಚೌಕಾಸಿ ಯಾರು ಮಾಡ್ತಾರೆ? ಕಂಟ್ರಾಕ್ಟರುಗಳು ಬೆಲೆ ಏರಿಸಿದರು, ಮೋಸಗಳೂ ನಡೆದವು, ಖಜಾನೆಗೆ ನೂರು ಬಿಲಿಯನ್ ಯೂರೋಗಿಂತ ಹೆಚ್ಚಿನ ತೂತು ಬಿತ್ತು.

ಇನ್ನೊಂದು ಮಾತು: ರಿಯಾಯಿತಿ ಬೇಡ ಅಂದ್ರೆ ಭೂಮಿ ಬಿಸಿಯಾಗಲಿ ಅಂತಾನಾ? ನಾನು ನಿಲ್ಲಿಸಿ ಅಂತಿಲ್ಲ, ದಿಕ್ಕು ಬದಲಿಸಿ ಅಂತಿದೀನಿ. ನಾರ್ವೆಯವರು ಪಂಪಿಗೆ ಓಡಿದ್ದು ದೊಡ್ಡ ಚೆಕ್ ನೋಡಿ ಅಲ್ಲ. ಅಲ್ಲಿ ಜಲವಿದ್ಯುತ್ ಅಗ್ಗ, ಮನೆ ಬೆಚ್ಚಗಿಡೋಕೆ ಸೀಮೆಎಣ್ಣೆ, ತೈಲ ಉರಿಸೋದನ್ನ 2020ರಿಂದ ನಿಷೇಧಿಸಿದರು. ಸ್ವೀಡನ್ 1991ರಿಂದಲೇ ಇಂಗಾಲದ ತೆರಿಗೆ ಹಾಕ್ತಿದೆ. ದಿನದಿನದ ಬೆಲೆಯೇ ಜನರಿಗೆ ದಾರಿ ಹೇಳ್ತು.

ಬೆಂಗಳೂರಿನಲ್ಲಿ ಕೂತು ಓದ್ತಿರೋರು ಇದು ಬಿಳಿಯರ ಚಳಿಯ ಕಥೆ ಅಂತ ಪುಟ ತಿರುಗಿಸಬೇಡಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಿಗುತ್ತೆ, ಸ್ವಂತ ಸೂರು ಇದ್ದರೆ. ಎಚ್‌ಎಸ್‌ಆರ್ ಲೇಔಟಿನ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರೋ ನಿಮಗೆ? ನೀವು ಕಟ್ಟೋ ತೆರಿಗೆಗೆ ಸೂರು ಬೇಕಿಲ್ಲ, ವಾಪಸ್ ತಗೊಳ್ಳೋಕೆ ಮಾತ್ರ ಬೇಕು.

ಹಾಗಾಗಿ ಈ ಏಳೂವರೆ ಸಾವಿರದ ಬಗ್ಗೆ ನನ್ನ ನಿಲುವು ಇಷ್ಟೇ. ಮೊದಲು ಕರೆಂಟಿನ ಮೇಲಿನ ಹೊರೆಯನ್ನು ಪೂರ್ತಿ, ಕಾಯಂ ಆಗಿ ತೆಗೀರಿ, ಪಂಪ್ ಓಡಿಸೋದು ಬಾಯ್ಲರಿಗಿಂತ ಅಗ್ಗ ಆಗಲಿ. ಕೈಲಿ ದುಡ್ಡಿದ್ದವರು ಚೆಕ್ ಇಲ್ಲದೆಯೇ ಹಾಕಿಸ್ಕೊಳ್ತಾರೆ. ಅವರಿಂದ ಉಳಿದ ದುಡ್ಡನ್ನು ಆ ನರ್ಸಿನ ಮನೆಗೆ ಪೂರ್ತಿ ಖರ್ಚಿಗೆ ಕೊಡಿ. ಬಾಡಿಗೆ ಮನೆಯ ಹಳೇ ಬಾಯ್ಲರಿನ ಬಿಲ್ಲಿನಲ್ಲಿ ಒಂದು ಪಾಲು ಮಾಲೀಕನ ಹೆಸರಿಗೆ ಹೋಗಲಿ. ಅಲ್ಲೀವರೆಗೆ ಅದಕ್ಕೆ ಹಸಿರು ಯೋಜನೆ ಅನ್ನೋ ಹೆಸರು ಬೇಡ. ಮನೆ ಇದ್ದವರಿಗೆ ಮನೆ ಇಲ್ಲದವರು ಕೊಡಿಸ್ತಿರೋ ಉಡುಗೊರೆ ಅಂತ ಕರೆದರೆ ಸಾಕು.