ಮೂಲಪ್ರತಿ ಯಾರ ಬಳಿ?

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಪಾಠಾಂತರದ ಕಾಟ ಹೊಸದಲ್ಲ. ಒಬ್ಬ ಲಿಪಿಕಾರನು ತಿದ್ದಿದ್ದನ್ನು ಮತ್ತೊಬ್ಬನು ಅರಿಯನು. ಮೊದಲಿನ ಪಾಠ ಯಾವುದೆಂದು ನಿರ್ಣಯಿಸುವುದರಲ್ಲೇ ವಿದ್ವಾಂಸರ ಆಯುಷ್ಯ ಸವೆಯುತ್ತದೆ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ.

ಕಂಪ್ಯೂಟರಿನ ತಂತ್ರಾಂಶ ಬರೆಯುವವರದೂ ಇದೇ ಪಾಡು. ಆದುದರಿಂದಲೇ ಪ್ರತಿಯೊಂದು ತಿದ್ದುಪಡಿಯನ್ನೂ ಮಾಡಿದವರ ಹೆಸರು, ದಿನಾಂಕಗಳೊಡನೆ ದಾಖಲಿಸುವ ವ್ಯವಸ್ಥೆಗಳು ಹುಟ್ಟಿಕೊಂಡವು. ಆರಿಸುವುದು ಯಾವುದನ್ನು?

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಒಬ್ಬೊಬ್ಬರು ಕುಳಿತು ಒಂದೇ ತಂತ್ರಾಂಶವನ್ನು ರಚಿಸುತ್ತಿರುವರೆಂದು ಭಾವಿಸೋಣ. 2000ದಲ್ಲಿ ಆರಂಭವಾದ ಸಬ್‌ವರ್ಷನ್ ಪದ್ಧತಿಯಲ್ಲಿ ಚರಿತ್ರೆಯೆಲ್ಲವೂ ಒಂದೇ ಕೇಂದ್ರದಲ್ಲಿರುತ್ತದೆ. ಆ ಕೇಂದ್ರವು ಹೊಸಪೇಟೆಯಲ್ಲಿದ್ದು, ನಡುವಣ ಸಂಪರ್ಕ ಕಡಿದರೆ ಸಂಡೂರಿನವರು ತಮ್ಮ ತಿದ್ದುಪಡಿಯನ್ನು ದಾಖಲಿಸಲಾರರು. ಬೇರೆ ನಕಲಿಲ್ಲದೆ ಯಂತ್ರವೇ ಕೆಟ್ಟರಂತೂ ವರ್ಷಗಳ ಚರಿತ್ರೆ ಅಳಿಸಿಹೋದಂತೆಯೇ. ಗಿಟ್ ಪದ್ಧತಿಯಲ್ಲಿ ಮೂವರ ಬಳಿಯೂ ಪೂರ್ಣ ಚರಿತ್ರೆಯಿರುತ್ತದೆ.

ಗಿಟ್‌ನ ಜನ್ಮಕಥೆಯೂ ಸ್ವಾರಸ್ಯಕರ. ಲಿನಕ್ಸ್ ಬಳಗ ನೆಚ್ಚಿಕೊಂಡಿದ್ದುದು ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ವ್ಯವಸ್ಥೆಯನ್ನು. ಅದರ ಉಚಿತ ಬಳಕೆ 2005ರಲ್ಲಿ ನಿಂತುಹೋಗಲು, ಲೈನಸ್ ಟೋರ್ವಾಲ್ಡ್ಸ್ ಅವರು ಕೆಲವೇ ದಿನಗಳಲ್ಲಿ ತಾವೇ ಒಂದನ್ನು ಕಟ್ಟಿ ನಿಲ್ಲಿಸಿದರು. ಪರರ ಕಣಜವನ್ನು ನಂಬಿದವರ ಪಾಡು ಎಲ್ಲೆಡೆಯೂ ಒಂದೇ!

ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದರೆ ಗಿಟ್ ತೀರ್ಪು ಕೊಡುವುದಿಲ್ಲ. ಎರಡು ಪಾಠಗಳನ್ನೂ ಮುಂದಿಟ್ಟು ಸುಮ್ಮನಾಗುತ್ತದೆ. ಅಲ್ಲಿ ಸಂಪಾದಕನ ವಿವೇಕವೇ ಬೇಕು. ಓಲೆಗರಿಯ ಛಾಯಾಚಿತ್ರಗಳನ್ನಾದರೋ ಹೀಗೆ ಸಾಲುಸಾಲಾಗಿ ಹೊಂದಿಸಲಾಗದು. ಅವುಗಳ ಹಳೆಯ ರೂಪಗಳ ಭಾರವನ್ನೆಲ್ಲ ಮೂವರೂ ಹೊರಬೇಕಾಗುತ್ತದೆ. ಅಂಥ ಚಿತ್ರಗಳೇ ಹೆಚ್ಚಿರುವ ಕೆಲಸಕ್ಕೆ, ಒಬ್ಬರು ತಿದ್ದುವಾಗ ಮತ್ತೊಬ್ಬರು ಕೈಹಾಕದಂತೆ ಬೀಗವಿಡುವ ಸಬ್‌ವರ್ಷನ್ನೇ ಲೇಸು.